ಇಳಿದವನು

ಹಗ್ಗ ನನ್ನ ಕೈಯಲ್ಲಿತ್ತು.
ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಮುಕತ್ತಮ್ ಗುಡ್ಡದ ನಮ್ಮ ಓಣಿಯಲ್ಲಿ
ಯಾರನ್ನು ಕೇಳಿದರೂ ಹೇಳುತ್ತಾರೆ:
ಅತಾಲ್ಲಾ ಇಳಿದ, ತಮ್ಮ ವದೀ ಹಿಡಿದಿದ್ದ.

ಕೈರೋ ಎಸೆದದ್ದನ್ನೆಲ್ಲ ಆಯುವವರು ನಾವು.
ಬಾಟಲಿ ಬೇರೆ, ಮುಚ್ಚಳ ಬೇರೆ,
ಹಳಸಿದ್ದು ಹಂದಿಗೆ, ಚಿಂದಿ ಚೀಲಕ್ಕೆ.
ಗುಜರಿ ರಜಬನ ಮಗ ಸಾಬಿರ್, ಏಳು ವರ್ಷ,
ಕುಂಟುತ್ತ ಬಿಲ್ಲೆ ತಳ್ಳುತ್ತ
ಮಲಗುಂಡಿಯ ಕೊಳೆತ ಹಲಗೆಗೆ ಕಾಲಿಟ್ಟ.

ಒಳಗೆ ಗಾಳಿಯಿಲ್ಲ. ಎಲ್ಲರಿಗೂ ಗೊತ್ತಿತ್ತು.
ಅಣ್ಣ ಚಪ್ಪಲಿ ಬಿಟ್ಟ,
ಮನೆ ಬಾಗಿಲಲ್ಲಿ ಬಿಡುವ ಹಾಗೆ
ಜೋಡಿಸಿ.

ಎಳೆದೆ. ಹಗುರವಾಗಿತ್ತು.
ಹಗುರವಾಗಿದೆಯಲ್ಲ ಎಂದು ಹೊಳೆಯುವುದರೊಳಗೆ
ಹುಡುಗ ಮೇಲೆ ಬಂದಿದ್ದ,
ಎದೆಗೆ ಎರಡು ಸುತ್ತಿನ ಗಂಟು,
ಚೀಲದ ಬಾಯಿಗೆ ನಾವು ಹಾಕುವಂಥದೇ.

ನಲವತ್ತು ದಿನ ಜನ ಬಂದರು, ಒಬ್ಬೊಬ್ಬರೂ ಒಂದೊಂದು ಕಾರಣ ಹಿಡಿದು.
"ದೇವರಿಗೆ ಬೇಕಾಗಿದ್ದ" ಎಂದಳು ಸೋದರತ್ತೆ.
"ನನಗೆ ಬೇಡವಾಗಿದ್ದನೇ?" ಎಂದಳು ಅಮ್ಮ.
ದೂರದೇಶದ ಬೋಧಕನೊಬ್ಬ ದುಭಾಷಿಯ ಜೊತೆ ಕೂತು
ಸಾಲದ ಮಾತಾಡಿದ: ಮನುಷ್ಯ ತೀರಿಸಲಾರದ ಸಾಲ,
ಮಗ ಬಂದ, ರಕ್ತ ಈಡುಕೊಟ್ಟ, ಲೆಕ್ಕ ಚುಕ್ತಾ.
ಅಮ್ಮ ಚಹಾ ಕೊಟ್ಟಳು.
ಮೂವತ್ತು ವರ್ಷ ತಕ್ಕಡಿಯ ಮುಂದೆ ನಿಂತವಳು.
"ಯಾರಿಗೆ ಬಾಕಿ? ಅಪ್ಪನಿಗೋ?
ಮಗ ಸಾಯುವ ತನಕ ಬಿಡದ ಅಪ್ಪನಿಗೋ?"
ದುಭಾಷಿ ಅದನ್ನು ಅನುವಾದಿಸಲಿಲ್ಲ.

ಗುಹೆ ಇಗರ್ಜಿಯ ಉಪಯಾಜಕ ಲಬೀಬ್ ಬೇರೆ ಹೇಳಿದ:
ಸಾವು ಎಂಬ ಮೀನು ಹುಳುವೆಂದು ನುಂಗಿತು,
ಒಳಗೆ ಕೊಕ್ಕೆಯಿತ್ತು.
ಚೆನ್ನಾಗಿತ್ತು. ಆದರೆ
ಹುಳುವಿನ ಜಾಗದಲ್ಲಿ ಅಣ್ಣನ ಮುಖವಿಟ್ಟು
ನನಗೆ ಆ ರಾತ್ರಿ ಊಟ ಸೇರಲಿಲ್ಲ.

ರಜಬ್ ಏನೂ ಹೇಳಲಿಲ್ಲ. ಶುಕ್ರವಾರದ ನಮಾಜು ಮುಗಿಸಿ
ಬಂದು ಕೂರುತ್ತಿದ್ದ. ಒಂದು ದಿನ
ನಮ್ಮ ಹಳೆಯ ಬಾಕಿಯ ಚೀಟಿ ತೆಗೆದು ಹರಿದ.
ಅಮ್ಮ ನೆಲದ ಮೇಲಿನ ಚೂರು ಆಯ್ದಳು
(ಆಯುವ ಕೈ ಅದು, ಒಂದೂ ತಪ್ಪಲಿಲ್ಲ)
ಅವನ ಅಂಗೈಯಲ್ಲಿಟ್ಟಳು:
"ಇದಕ್ಕಲ್ಲ ಅವನು ಇಳಿದದ್ದು."

ಮತ್ತೆ ಯಾತಕ್ಕೆ?

ದೊಡ್ಡ ಶುಕ್ರವಾರ. ಕಂಬಗಳಿಗೆ ಕರಿಬಟ್ಟೆ.
ನಾಲಿಗೆಯಲ್ಲಿ ಹುಳಿರಸ, ಮೊಳಕೆಕಾಳು.
ನೂರು ಸಲ ಪೂರ್ವಕ್ಕೆ ಅಡ್ಡಬಿದ್ದು ಎದ್ದೆ,
ನೂರು ಪಶ್ಚಿಮಕ್ಕೆ; ಆಮೇಲೆ ದಿಕ್ಕೂ ತಪ್ಪಿ ಎಣಿಕೆಯೂ ತಪ್ಪಿ
ಗೋಡೆಯ ಹಳೆಯ ಚಿತ್ರದೆದುರು ಎದ್ದುನಿಂತೆ.
ಪಾತಾಳದ ಬಾಗಿಲು ಮುರಿದು ಬಿದ್ದಿದೆ,
ಬೀಗ, ಚಿಲಕ, ಮೊಳೆ (ನಮ್ಮ ಓಣಿಯಾಗಿದ್ದರೆ ಬೇರೆ ಬೇರೆ ಗುಡ್ಡೆ)
ಅವನು ಆದಾಮನನ್ನು ಎಳೆಯುತ್ತಿದ್ದಾನೆ,
ಅಂಗೈ ಹಿಡಿದಲ್ಲ. ಮಣಿಕಟ್ಟು ಹಿಡಿದು.

ಇದನ್ನು ಬರೆದವನಿಗೆ ಗುಂಡಿ ಗೊತ್ತು.
ಬಸವಳಿದವನ ಬೆರಳು ಹಿಡಿಯಲಾರದು, ಜಾರುತ್ತದೆ.
ನಮಗೆಲ್ಲ ಶಿಲುಬೆಯ ಹಚ್ಚೆ ಇರುವುದು
ಅಲ್ಲೇ, ಮಣಿಕಟ್ಟಿನಲ್ಲಿ.

ಸಾಯಲೆಂದು ಇಳಿದ ಎಂದವರು
ಮೇಲೆ ನಿಂತಿದ್ದವರು. ನಾನೂ.
ಅವನು ಎತ್ತಲೆಂದು ಇಳಿದ.
ಸಾವು ಅಲ್ಲಿತ್ತು, ಹುಡುಗ ಅಲ್ಲೇ ಇದ್ದನಲ್ಲ,
ಅದಕ್ಕೆ.

ಹಬ್ಬದ ರಾತ್ರಿ ದೀಪ ಆರಿಸಿ ಹೊತ್ತಿಸಿದ ಮೇಲೆ
ಹೊರಗೆ ಸಾಬಿರ್, ಅಪ್ಪನ ಬೆರಳು ಹಿಡಿದು.
ವರ್ಷವಿಡೀ ಕೇಳದ್ದನ್ನು ಕೇಳಿದೆ:
"ಕೆಳಗೆ ಏನಾದರೂ ಹೇಳಿದನೇ?"
ಹುಡುಗ ಯೋಚಿಸಿದ.
"ಹೆದರಬೇಡ, ಮೇಲೆ ನನ್ನ ತಮ್ಮ ಇದ್ದಾನೆ, ಅಂದ."

ಗುಂಡಿಗೆ ಈಗ ಕಬ್ಬಿಣದ ಮುಚ್ಚಳವಿದೆ.
ದಿನಾ ಬೆಳಿಗ್ಗೆ ಗಾಡಿ ಹೂಡುವ ಮೊದಲು
ಅದರ ಮೇಲೆ ನಿಂತು, ಎರಡು ಕಾಲಲ್ಲೂ,
ಮೆಟ್ಟಿ ನೋಡುತ್ತೇನೆ.